ಸಿದ್ದಿ ಬಸ್ತ್ಯಾಂವ್ ಮತ್ತು ಸೂಪಾ ಬಂಡಾಯ (1858–59)

ಉತ್ತರ ಕನ್ನಡದ ಇಂದಿನ ಜೋಯಿಡಾ ತಾಲ್ಲೂಕು ಅಂದಿನ ಸೂಪಾ. ಗೋವೆಯ ಗಡಿಗೆ ಅಂಟಿಕೊಂಡ ಈ ಕಾಡಿನಲ್ಲಿ 1858ರಲ್ಲಿ ಕಂಪನಿ ಸರ್ಕಾರದ ವಿರುದ್ಧ ಎದ್ದ ಬಂಡಾಯದ ಮುಂದಾಳುಗಳಲ್ಲಿ ಫಡ್ನೀಸ್ ಸಹೋದರರ ಜೊತೆಗೆ ಸಿದ್ದಿ ಬಸ್ತ್ಯಾಂವನೂ ಒಬ್ಬ. ಬಂಡುಕೋರರು ದರ್ಶನಿಗುಡ್ಡದಲ್ಲಿ ನೆಲೆಯೂರಿ ಕಾದಾಡಿದರು. 1859ರ ಕಾಳಗದಲ್ಲಿ ಬಸ್ತ್ಯಾಂವ್ ಮತ್ತು ಚಿಂತೋಬಾ ಫಡ್ನೀಸ್ ಮಡಿದರು. ಈ ಘಟನೆಯನ್ನು 1857ರ ದಂಗೆಯ ಬಾಲಂಗೋಚಿಯೆಂಬಂತೆ ಒಂದೆರಡು ಸಾಲಿನಲ್ಲಿ ಮುಗಿಸುವುದೇ ಹೆಚ್ಚು. ಆದರೆ ಬಸ್ತ್ಯಾಂವನ ಪಾಲನ್ನು ಗುಲಾಮಗಿರಿಯ ಇತಿಹಾಸದೊಳಗೆ ಇಟ್ಟು ನೋಡದಿದ್ದರೆ ಅದು ಅರ್ಥವಾಗುವುದಿಲ್ಲ.

ಇಲ್ಲಿನ ಸಿದ್ದಿಗಳ ಪೂರ್ವಜರಲ್ಲಿ ಬಹಳ ಮಂದಿ ಮೊಜಾಂಬಿಕ್ ಮೊದಲಾದ ಆಫ್ರಿಕದ ಪೂರ್ವ ಕರಾವಳಿಯಿಂದ ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂದು ಮಾರಾಟವಾದವರು. ಒಡೆಯನ ಮನೆಯಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಸೂಪಾ, ಹಳಿಯಾಳ, ಯಲ್ಲಾಪುರದ ಕಾಡು ಸೇರಿದರು. ಹಾಗಾದರೆ ಸಿದ್ದಿಯೊಬ್ಬ ಪೋರ್ಚುಗೀಸರನ್ನು ಬಿಟ್ಟು ಬ್ರಿಟಿಷರ ಮೇಲೆ ಏಕೆ ಬಂದೂಕೆತ್ತಿದ ಎಂಬ ಆಕ್ಷೇಪ ಸಹಜ, ಅದು ಹಗುರವಾದದ್ದೂ ಅಲ್ಲ. ಕಂಪನಿಯ ಆಳ್ವಿಕೆಯಲ್ಲಿ 1843ರ 5ನೇ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಬೆಂಬಲವನ್ನು ತೆಗೆದುಹಾಕಿತ್ತು. ಪೋರ್ಚುಗಲ್ಲಾದರೋ 1858ರಲ್ಲಿ ತನ್ನ ವಸಾಹತುಗಳ ಗುಲಾಮಗಿರಿಗೆ ಇನ್ನೂ 20 ವರ್ಷಗಳ ಗಡುವು ಕೊಟ್ಟಿತು. ಆದರೆ 1843ರ ಕಾಯ್ದೆಯ ತಿರುಳು ಇಷ್ಟೇ: ಮನುಷ್ಯನ ಮೇಲೆ ಇನ್ನೊಬ್ಬ ಹೇಳುವ ಒಡೆತನಕ್ಕೆ ನ್ಯಾಯಾಲಯ ಮಾನ್ಯತೆ ಕೊಡಬಾರದು. ಬಿಡುಗಡೆಯಾದವನಿಗೆ ಅದು ಒಂದು ಗುಂಟೆ ಜಮೀನನ್ನೂ ಕೊಡಲಿಲ್ಲ. ಓಡಿಬಂದವನನ್ನು ಒಡೆಯನ ಹಂಗಿಲ್ಲದೆ ಬದುಕಿಸಿದ್ದು ಕಾಡು. ಈ ಸೀಮೆಯ ಕುಮರಿ ಬೇಸಾಯವನ್ನೇ ನೋಡಿ: ಕಾಡಿನ ಒಂದು ತುಂಡನ್ನು ಸವರಿ, ಒಣಗಲು ಬಿಟ್ಟು, ಬೇಸಿಗೆಯಲ್ಲಿ ಸುಟ್ಟು, ಮಳೆ ಬಿದ್ದೊಡನೆ ಬೂದಿಯಲ್ಲಿ ರಾಗಿ ಚೆಲ್ಲುತ್ತಿದ್ದರು, ಒಂದೆರಡು ಬೆಳೆ ತೆಗೆದು ಮುಂದಿನ ತುಂಡಿಗೆ ಹೋಗುತ್ತಿದ್ದರು. ಎತ್ತು ಬೇಡ, ನೇಗಿಲು ಬೇಡ, ಸಾಲ ಕೊಡುವ ಧಣಿಯೂ ಬೇಡ. ಸಾಗುವಾನಿಯ ಮೇಲೆ ಕಣ್ಣಿಟ್ಟ ಸರ್ಕಾರಕ್ಕೆ ಕುಮರಿ ಕಂಡದ್ದು ಕಾಡಿನ ಹಾಳಾಗಿ. ಹೀಗಾಗಿ ಕಂಪನಿಯ ಜೊತೆಗಿನ ಜಗಳ ಸಿದ್ದಿಗಳ ಪಾಲಿಗೆ ಹಳೆಯ ಬಿಡುಗಡೆಯನ್ನು ಉಳಿಸಿಕೊಳ್ಳುವ ಜಗಳವೂ ಆಗಿತ್ತು.

ಬಂಡಾಯ ಸಾವಂತವಾಡಿ ಕಡೆಯ ಸರದಾರರದು, ಗುಲಾಮಗಿರಿಯ ರದ್ದತಿ ಅದರ ಬೇಡಿಕೆಯಾಗಿರಲಿಲ್ಲ ಎಂಬ ಮಾತೂ ಇದೆ. ಅದು ನಿಜ, ಬಸ್ತ್ಯಾಂವನನ್ನು ಹೈಟಿಯ ತೂಸಾಂ ಲೂವೆರ್ತೂರನ ಪಕ್ಕದಲ್ಲಿ ನಿಲ್ಲಿಸುವ ಉತ್ಸಾಹ ತಪ್ಪು. ತಾನೇ ಗುಲಾಮನಾಗಿದ್ದ ತೂಸಾಂ 1791ರ ದಂಗೆ ಸೇರಿ, 1801ರ ಸಂವಿಧಾನದಲ್ಲಿ ಗುಲಾಮಗಿರಿಯನ್ನು ಶಾಶ್ವತವಾಗಿ ನಿಷೇಧಿಸಿದ. ಆದರೆ ಅವನೂ ಬಿಡುಗಡೆಯಾದವರನ್ನು ಸೈನಿಕರ ಕಾವಲಿನಲ್ಲಿ ತೋಟದ ದುಡಿಮೆಗೇ ಕಟ್ಟಿಹಾಕಿದ. ಅವರು ಬಯಸಿದ್ದು ಸ್ವಂತದ ತುಂಡು ಹೊಲವನ್ನು. ಬೇಡಿಕೆಯ ಪತ್ರದಲ್ಲಿ ಬರೆದದ್ದು ಮಾತ್ರ ಗುಲಾಮಗಿರಿ ವಿರುದ್ಧದ ಹೋರಾಟ ಎನ್ನುವುದಾದರೆ, ಅಕ್ಷರ ಬಾರದವರ ಹೋರಾಟಗಳೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಸೂಪಾದಲ್ಲಿ ಮುಂದೆ ನಡೆದದ್ದೇ ಸಾಕ್ಷಿ. ಬಸ್ತ್ಯಾಂವ್ ಸತ್ತ ಮರುವರ್ಷ, 1860ರಲ್ಲಿ, ಆಗ ಸೂಪಾವನ್ನೂ ಆಳುತ್ತಿದ್ದ ಮದರಾಸು ಸರ್ಕಾರ ತನ್ನ ಕಾಡುಗಳಲ್ಲಿ ಅಪ್ಪಣೆಯಿಲ್ಲದ ಕುಮರಿಯನ್ನು ನಿಷೇಧಿಸಿತು. ಮನುಷ್ಯನನ್ನು ಗುಲಾಮನನ್ನಾಗಿ ಕೊಳ್ಳುವುದು, ಮಾರುವುದು ಶಿಕ್ಷಾರ್ಹ ಅಪರಾಧವಾಗಲು 1862ರ ಜನವರಿಯಲ್ಲಿ ದಂಡಸಂಹಿತೆ ಜಾರಿಯಾಗುವವರೆಗೆ ಕಾಯಬೇಕಾಯಿತು.