ಟ್ಯಾಮಾಕ್ಸಿಫೆನ್ ಔಷಧದ ಪೂರ್ವೋತ್ತರ

ಸ್ತನಾರ್ಬುದಕ್ಕೆ ಶಸ್ತ್ರವೊಂದೇ ಗತಿಯಾಗಿದ್ದ ಕಾಲದಲ್ಲಿ, 1896ನೆಯ ಇಸವಿಯಲ್ಲಿ, ಗ್ಲಾಸ್ಗೋ ನಗರದ ಜಾರ್ಜ್ ಬೀಟ್ಸನ್ ಎಂಬ ಶಸ್ತ್ರವೈದ್ಯನು ವಿಚಿತ್ರವಾದ ಒಂದು ವರದಿಯನ್ನು ಪ್ರಕಟಿಸಿದನು. ರೋಗವು ಕೈಮೀರಿದ್ದ ಸ್ತ್ರೀಯರ ಅಂಡಾಶಯಗಳನ್ನು ತೆಗೆದುಹಾಕಲು, ದೂರದಲ್ಲಿದ್ದ ಎದೆಯ ಗೆಡ್ಡೆಯು ತಾನಾಗಿ ಕುಗ್ಗಿತೆಂಬುದು ಅದರ ಸಾರಾಂಶ. ಇವೆರಡಕ್ಕೂ ಇರುವ ಸಂಬಂಧವೇನೆಂಬುದು ಆಗ ಸರಿಯಾಗಿ ತಿಳಿದಿರಲಿಲ್ಲ. ಅಂಡಾಶಯದಿಂದ ಹೊರಡುವ ಈಸ್ಟ್ರೋಜನ್ ಎಂಬ ಅಂತಃಸ್ರಾವವು ರಕ್ತದೊಡನೆ ಹರಿದುಬಂದು ಕೆಲವು ಅರ್ಬುದಗಳನ್ನು ಪೋಷಿಸುವುದೆಂಬ ವಿಷಯವು ಸ್ಪಷ್ಟವಾಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಶಸ್ತ್ರದ ಕೆಲಸವನ್ನು ಗುಳಿಗೆಯೊಂದರಿಂದ ಮಾಡಿಸಬಹುದೇ ಎಂಬ ಪ್ರಶ್ನೆಗೆ ಉತ್ತರವು ದೊರೆತದ್ದಾದರೋ ಅದನ್ನು ಹುಡುಕದೆ ಇದ್ದವರಿಂದ.

ಇಂಗ್ಲೆಂಡಿನ ಚೆಷೈರ್ ಪ್ರಾಂತದ ಆಲ್ಡರ್ಲಿ ಪಾರ್ಕ್ ಎಂಬಲ್ಲಿ ಐ.ಸಿ.ಐ. ಕಂಪೆನಿಯ ಪ್ರಯೋಗಶಾಲೆಯಿದ್ದಿತು. ಅಲ್ಲಿ ಆರ್ಥರ್ ವಾಲ್ಪೋಲ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಗರ್ಭನಿರೋಧಕ ಔಷಧಕ್ಕಾಗಿ ಪ್ರಯತ್ನ ನಡೆಯುತ್ತಿತ್ತು. 1962ರಲ್ಲಿ ಡೋರಾ ರಿಚರ್ಡ್ಸನ್ ಎಂಬ ರಸಾಯನಶಾಸ್ತ್ರಜ್ಞೆಯು ಸಿದ್ಧಗೊಳಿಸಿದ ದ್ರವ್ಯಕ್ಕೆ 46,474 ಎಂಬ ಸಂಖ್ಯೆಯ ಹೊರತು ಬೇರೆ ಹೆಸರಿರಲಿಲ್ಲ. ಅದು ಇಲಿಗಳಲ್ಲಿ ಗರ್ಭವನ್ನು ತಡೆಯಿತು. ಸ್ತ್ರೀಯರಲ್ಲಿ ಅದಕ್ಕೆ ತೀರ ವಿರುದ್ಧವಾಗಿ ಅಂಡೋತ್ಪತ್ತಿಯನ್ನೇ ಪ್ರಚೋದಿಸಿತು. ಉದ್ದೇಶವು ಕೆಟ್ಟಿತು. ಆದರೂ ಈ ವಿಪರ್ಯಾಸದಲ್ಲಿ ಮುಂದಿನ ಕಥೆಗೆಲ್ಲ ಸೂಚನೆಯಿದ್ದಿತು: ಈ ದ್ರವ್ಯವು ಎಲ್ಲೆಡೆಯೂ ಒಂದೇ ಬಗೆಯಾಗಿ ನಡೆದುಕೊಳ್ಳುವುದಿಲ್ಲ.

1971ರಲ್ಲಿ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಮೇರಿ ಕೋಲ್ ಮತ್ತು ಸಂಗಡಿಗರು ಇದನ್ನು ಬಲಿತ ಸ್ತನಾರ್ಬುದವಿದ್ದ 46 ಮಂದಿಗೆ ಕೊಟ್ಟು ನೋಡಿದ ಫಲವನ್ನು ಪ್ರಕಟಿಸಿದರು. 10 ಮಂದಿಗೆ ಗುಣ ಕಂಡಿತ್ತು. ಇದು ಹಿಂದಿನ ಚಿಕಿತ್ಸೆಗಳಿಗಿಂತ ಹೆಚ್ಚಿನ ಫಲವೇನೂ ಅಲ್ಲ. ಆದರೆ ಆಗ ಬಳಕೆಯಲ್ಲಿದ್ದ ಅಂತಃಸ್ರಾವಗಳು ರೋಗಿಯನ್ನು ಹಣ್ಣುಮಾಡುತ್ತಿದ್ದವು. ಇದು ಹಾಗೆ ಬಾಧಿಸಲಿಲ್ಲ. ಸೌಮ್ಯವೆಂಬುದೇ ಇದರ ಮೊದಲ ಕೀರ್ತಿಯಾಯಿತು. 1973ರಲ್ಲಿ ಬ್ರಿಟನ್ನಿನಲ್ಲಿಯೂ 1977ರ ಕೊನೆಯಲ್ಲಿ ಅಮೆರಿಕದಲ್ಲಿಯೂ ಟ್ಯಾಮಾಕ್ಸಿಫೆನ್ ಎಂಬ ಹೆಸರಿನಿಂದ ಇದಕ್ಕೆ ಅನುಮತಿ ದೊರೆಯಿತು.

ಈ ಸೌಮ್ಯತೆಯ ವಿಷಯವನ್ನು ಸ್ವಲ್ಪ ನಿಂತು ವಿಚಾರಿಸಬೇಕಾಗಿದೆ. ಮೊದಲು ಇದನ್ನು ಸೇವಿಸಿದವರು ಮರಣದ ಹೊಸ್ತಿಲಲ್ಲಿದ್ದವರು. ಒಂದೆರಡು ವರ್ಷ ಬದುಕಿದರೆ ಅದೇ ಲಾಭ. ನಿಧಾನವಾಗಿ ಬೆಳೆಯುವ ಕೇಡೊಂದು ತಲೆಯೆತ್ತಲು ಬೇಕಾದಷ್ಟು ಆಯುಸ್ಸು ಅವರಿಗೆ ಉಳಿದಿರಲಿಲ್ಲ. ಔಷಧವು ಸೌಮ್ಯವಾಗಿದ್ದುದರಿಂದಲೇ, ಶಸ್ತ್ರಚಿಕಿತ್ಸೆಯಿಂದ ಗೆಡ್ಡೆಯನ್ನು ಕಳೆದುಕೊಂಡು ನೆಟ್ಟಗಿದ್ದ ಸ್ತ್ರೀಯರಿಗೂ, ರೋಗವು ಮರುಕಳಿಸದಿರಲೆಂದು, ಎರಡು ವರ್ಷ, ಆಮೇಲೆ ಐದು ವರ್ಷ ಕೊಡುವ ಧೈರ್ಯವು ವೈದ್ಯರಿಗೆ ಬಂದಿತು. ಆ ಧೈರ್ಯಕ್ಕೆ ಫಲವೂ ದೊರೆಯಿತು. ಈಸ್ಟ್ರೋಜನ್ನಿಗೆ ಓಗೊಡುವ ಅರ್ಬುದವಿರುವವರು ಐದು ವರ್ಷ ಇದನ್ನು ಸೇವಿಸಿದರೆ, ಮುಂದಿನ 15 ವರ್ಷಗಳಲ್ಲಿ ಆ ರೋಗದಿಂದಾಗುವ ಮರಣವು ಸುಮಾರು ಮೂರರಲ್ಲೊಂದು ಪಾಲು ಕಡಮೆಯಾಗುವುದೆಂದು ಅನೇಕ ಪರೀಕ್ಷೆಗಳ ಒಟ್ಟುಲೆಕ್ಕದಿಂದ ತಿಳಿದುಬಂದಿದೆ. ಔಷಧದಿಂದ ಆಯುಸ್ಸು ಬೆಳೆದುದರಿಂದಲೇ ಔಷಧದ ದೋಷವನ್ನು ಕಾಣುವಷ್ಟು ಕಾಲ ಒದಗಿತೆಂದರೆ ತಪ್ಪಾಗದು.

ದೋಷವು ಮೊದಲು ಬಿಡಿಬಿಡಿಯಾಗಿ ಕಾಣಿಸಿಕೊಂಡಿತು. 1978ರಲ್ಲಿ, ಬಹಳ ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದ್ದ ಕೆಲವರ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾದುದು ವರದಿಯಾಯಿತು. 1985ರಲ್ಲಿ ಈ ಬಗೆಯ ಔಷಧವನ್ನು ಸೇವಿಸುತ್ತಿದ್ದ ಮೂವರಿಗೆ ಗರ್ಭಕೋಶದ ಒಳಪೊರೆಯಲ್ಲಿ ಅರ್ಬುದ ಹುಟ್ಟಿತೆಂಬ ಸುದ್ದಿ ಬಂದಿತು. ಮೂರು ಸಂಗತಿಗಳಿಂದ ಏನನ್ನೂ ಸಾಧಿಸಲಾಗದು; ಕಾಕತಾಳೀಯವೆನ್ನಬಹುದು. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕ್ರೇಗ್ ಜೋರ್ಡನ್ನನ ಪ್ರಯೋಗಶಾಲೆಯಲ್ಲಿ ಒಂದೇ ಇಲಿಮರಿಯ ದೇಹದಲ್ಲಿ ಮನುಷ್ಯರ ಸ್ತನದ ಅರ್ಬುದವನ್ನೂ ಗರ್ಭಕೋಶದ ಅರ್ಬುದವನ್ನೂ ನಾಟಿ, ಈ ಔಷಧವನ್ನು ಕೊಟ್ಟು ನೋಡಿದರು. ಮೊದಲನೆಯದು ಅಡಗಿತು, ಎರಡನೆಯದು ಬೆಳೆಯಿತು. ಮರುವರ್ಷವೇ ಸ್ಟಾಕ್‌ಹೋಮ್ ನಗರದಿಂದ ಲೆಕ್ಕವು ಹೊರಬಿದ್ದಿತು. ಅಲ್ಲಿ ಋತುಸ್ರಾವವು ನಿಂತಿದ್ದ 1,846 ಮಂದಿಯಲ್ಲಿ 931 ಮಂದಿಗೆ ದಿನವೊಂದಕ್ಕೆ 40 ಮಿಲಿಗ್ರಾಂ ಔಷಧವನ್ನು ಕೊಡಲಾಗಿತ್ತು. ಅವರಲ್ಲಿ 13 ಮಂದಿಗೆ ಗರ್ಭಕೋಶದ ಅರ್ಬುದ. ಔಷಧವಿಲ್ಲದ ಉಳಿದವರಲ್ಲಿ ಇಬ್ಬರಿಗೆ ಮಾತ್ರ.

ಇದಕ್ಕೆ ಕಾರಣವೇನು? ಈಸ್ಟ್ರೋಜನ್ ತನ್ನ ಕೆಲಸ ಮಾಡಬೇಕಾದರೆ ಜೀವಕೋಶದೊಳಗಣ ಗ್ರಾಹಕವೆಂಬ ಬೀಗದಲ್ಲಿ ಕೀಲಿಯಂತೆ ಹೊಗಬೇಕು. ಟ್ಯಾಮಾಕ್ಸಿಫೆನ್ ಆ ಬೀಗದೊಳಕ್ಕೆ ತಾನೇ ಹೊಕ್ಕು ಕೂರುತ್ತದೆ. ಎದೆಯಲ್ಲಿ ಈ ಕಳ್ಳಕೀಲಿಯು ತಿರುಗದೆ ನಿಂತು, ನಿಜವಾದ ಕೀಲಿಗೆ ಎಡೆಗೊಡದು. ಗರ್ಭಕೋಶದಲ್ಲಿ, ಎಲುಬಿನಲ್ಲಿ, ಯಕೃತ್ತಿನಲ್ಲಿ ಅದೇ ಕೀಲಿಯು ಅಷ್ಟಿಷ್ಟು ತಿರುಗುತ್ತದೆ. ಮುಟ್ಟು ನಿಂತವರ ಎಲುಬು ಸವೆಯದಂತೆ ಅದು ಕಾಯುವುದೂ, ಒಳಪೊರೆಯನ್ನು ಬೆಳೆಯಿಸುವುದೂ, ರಕ್ತವು ಹೆಪ್ಪುಗಟ್ಟುವ ಸ್ವಭಾವವನ್ನು ಹೆಚ್ಚಿಸುವುದೂ ಇದರಿಂದಲೇ.

1996ರಲ್ಲಿ ಲಿಯಾನ್ ನಗರದಲ್ಲಿ ಕೂಡಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ತಜ್ಞರು ಟ್ಯಾಮಾಕ್ಸಿಫೆನ್ನನ್ನು ಮನುಷ್ಯರಲ್ಲಿ ಅರ್ಬುದವನ್ನುಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದರು. ಅದೇ ನಿರ್ಣಯದಲ್ಲಿಯೇ, ಇದು ಇನ್ನೊಂದು ಸ್ತನಕ್ಕೆ ಅರ್ಬುದ ಬಾರದಂತೆ ತಡೆಯುವುದೆಂದೂ ಬರೆದರು. ಆ ಸಂಸ್ಥೆಯು ಯಾವ ವಿಶ್ವ ಆರೋಗ್ಯ ಸಂಸ್ಥೆಯ ಅಂಗವೋ, ಅದರ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿಯೂ ಇದರ ಹೆಸರಿದೆ. ಕನ್ನಡದಲ್ಲಿ ಮದ್ದು ಎಂಬ ಒಂದೇ ಮಾತು ರೋಗವನ್ನು ಕಳೆಯುವ ಔಷಧಕ್ಕೂ, ಕೇಡು ಬಗೆದು ಅನ್ನದಲ್ಲಿ ಇಕ್ಕುವ ವಿಷಕ್ಕೂ ಸಲ್ಲುತ್ತದೆ. ಅಲ್ಲಿ ಇಕ್ಕುವ ಕೈ ಬೇರೆ ಬೇರೆ. ಇಲ್ಲಿಯಾದರೋ ಕೈಯೂ ಒಂದೇ, ಗುಳಿಗೆಯೂ ಒಂದೇ.

ನಿಜವಾದ ಧರ್ಮಸಂಕಟವು ಬಂದದ್ದು ಆರೋಗ್ಯವಂತರ ವಿಷಯದಲ್ಲಿ. ರೋಗವು ಬರುವ ಸಂಭವ ಹೆಚ್ಚಾಗಿರುವ, ಆದರೆ ಇನ್ನೂ ರೋಗವಿಲ್ಲದ ಸ್ತ್ರೀಯರಿಗೆ ಇದನ್ನು ಮುಂಚಿತವಾಗಿ ಕೊಟ್ಟರೆ ಹೇಗೆಂದು 1992ರಲ್ಲಿ ಅಮೆರಿಕ ಮತ್ತು ಕೆನಡ ದೇಶಗಳಲ್ಲಿ ದೊಡ್ಡ ಪರೀಕ್ಷೆಯೊಂದು ಪ್ರಾರಂಭವಾಯಿತು. 13,388 ಮಂದಿ ಸೇರಿದರು. ನಡುವೆ 1994ರಲ್ಲಿ, ಹಿಂದಿನ ಪರೀಕ್ಷೆಯೊಂದರಲ್ಲಿ ಗರ್ಭಕೋಶದ ಅರ್ಬುದದಿಂದ ಕೆಲವರು ಸತ್ತುದು ಬೆಳಕಿಗೆ ಬರಲು, ಸಮ್ಮತಿಪತ್ರದ ಒಕ್ಕಣೆಯನ್ನು ತಿದ್ದಬೇಕಾಯಿತು. 1998ರಲ್ಲಿ ಫಲಿತಾಂಶವು ಹೊರಬಿದ್ದಿತು. ಹುಸಿಗುಳಿಗೆಯನ್ನು ನುಂಗಿದವರಲ್ಲಿ 175 ಮಂದಿಗೆ ಹರಡುವ ಸ್ವಭಾವದ ಸ್ತನಾರ್ಬುದ ಬಂದಿದ್ದರೆ, ಔಷಧ ಸೇವಿಸಿದವರಲ್ಲಿ 89 ಮಂದಿಗೆ. ಗರ್ಭಕೋಶದ ಅರ್ಬುದವು 15ರಿಂದ 36ಕ್ಕೂ, ಶ್ವಾಸಕೋಶದಲ್ಲಿ ರಕ್ತದ ಗರಣೆ ಸಿಕ್ಕಿಕೊಂಡವರ ಸಂಖ್ಯೆ 6ರಿಂದ 18ಕ್ಕೂ ಏರಿದ್ದವು. ಹೆಚ್ಚಳವು ಬಹುಮಟ್ಟಿಗೆ 50 ವರ್ಷ ದಾಟಿದವರಲ್ಲಿ. ಒಟ್ಟು ಕೂಡಿ ಕಳೆದರೆ ಲಾಭವೇ ಸರಿ. ಆದರೆ ಸ್ತನಾರ್ಬುದವು ತಪ್ಪಿದ ಸ್ತ್ರೀಗೆ ತಾನು ಪಾರಾದೆನೆಂಬುದು ಎಂದಿಗೂ ತಿಳಿಯದು. ಉಸಿರು ಕಟ್ಟಿದವಳ ಮನೆಯವರಿಗೆ ಮಾತ್ರ ಏನಾಯಿತೆಂಬುದು ತಿಳಿಯುತ್ತದೆ. ರೋಗಿಯು ಒಪ್ಪಿಕೊಳ್ಳುವ ತಕ್ಕಡಿಯನ್ನು ನೀರೋಗಿಯ ಮುಂದೆ ಹಿಡಿಯಲು ಬಾರದು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳು, ಮುನ್ನೆಚ್ಚರಿಕೆಗಾಗಿ ಇದನ್ನು ಸೇವಿಸುವವರಿಗೆ ಗರ್ಭಕೋಶದ ಅರ್ಬುದ, ಪಾರ್ಶ್ವವಾಯು, ಶ್ವಾಸಕೋಶದ ಗರಣೆ ಇವುಗಳಿಂದ ಪ್ರಾಣಾಪಾಯವುಂಟೆಂದು ಚೌಕಟ್ಟಿನೊಳಗೆ ಎದ್ದುಕಾಣುವಂತೆ ಮುದ್ರಿಸಬೇಕೆಂದು ವಿಧಿಸಿದರು. ಸ್ತನಾರ್ಬುದವು ಬಂದೇ ಇರುವವರಿಗೆ ಲಾಭವೇ ಮಿಗಿಲೆಂಬ ಮಾತನ್ನೂ ಅಲ್ಲಿಯೇ ಸೇರಿಸಿದರು.

ಐದು ವರ್ಷಕ್ಕೆ ನಿಲ್ಲಿಸುವುದಕ್ಕಿಂತ ಹತ್ತು ವರ್ಷ ಮುಂದುವರಿಸುವುದು ಮೇಲೆಂದು 2012ರಲ್ಲಿ ಪ್ರಕಟವಾದ ಅಟ್ಲಾಸ್ ಪರೀಕ್ಷೆಯು ತೋರಿಸಿತು. ಅಲ್ಲಿಯೂ ಬೆಲೆ ತೆರಬೇಕಾಯಿತು: ಗರ್ಭಕೋಶದ ಅರ್ಬುದದ ಸಂಭವವು ನೂರಕ್ಕೆ 1.6ರಿಂದ 3.1ಕ್ಕೆ ಏರಿತು. ಮುಟ್ಟು ನಿಂತವರಿಗೆ ಬೇರೆ ಬಗೆಯ ಔಷಧಗಳು ಈಗ ಇವೆ. ಅವು ಗರ್ಭಕೋಶವನ್ನು ಕೆಣಕವು, ಎಲುಬನ್ನು ಸವೆಯಿಸುತ್ತವೆ. ಟ್ಯಾಮಾಕ್ಸಿಫೆನ್ ನಮ್ಮ ದೇಶದಲ್ಲಿಯೂ ಅಗ್ಗವಾಗಿ ದೊರೆತು, ಅನೇಕ ಮನೆಗಳಲ್ಲಿ ದಿನಕ್ಕೆ 20 ಮಿಲಿಗ್ರಾಮಿನಂತೆ ಸೇವಿಸಲ್ಪಡುತ್ತಿದೆ. ಇದನ್ನು ಸೇವಿಸುವವರು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಬೇಗನೆ ಕಂಡ ಗರ್ಭಕೋಶದ ಅರ್ಬುದವು ಬಹುಮಟ್ಟಿಗೆ ಗುಣವಾಗತಕ್ಕದ್ದು. ಕಾಲು ಒಂದೇ ಕಡೆ ಬಾತರೆ, ಇದ್ದಕ್ಕಿದ್ದಂತೆ ಏದುಸಿರು ಬಂದರೆ ತಡಮಾಡಕೂಡದು. ಭಯದಿಂದ ತಾವೇ ಗುಳಿಗೆಯನ್ನು ಬಿಟ್ಟುಬಿಡುವುದೂ ಕೂಡದು.

ಪ್ರಮಾಣವನ್ನೇ ತಗ್ಗಿಸಿದರೆ ಹೇಗೆಂಬ ವಿಚಾರವು ಇಟಲಿಯಲ್ಲಿ ನಡೆಯಿತು. ಅರ್ಬುದವು ಇನ್ನೂ ಹರಡುವ ಹಂತಕ್ಕೆ ಬಾರದಿದ್ದ 500 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 5 ಮಿಲಿಗ್ರಾಮಿನಂತೆ ಮೂರು ವರ್ಷ ಕೊಡಲಾಯಿತು. 2019ರಲ್ಲಿ ಪ್ರಕಟವಾದ ಲೆಕ್ಕದಂತೆ, ಹುಸಿಗುಳಿಗೆಯವರಲ್ಲಿ 28 ಮಂದಿಗೆ ರೋಗವು ಮರುಕಳಿಸಿತ್ತು ಅಥವಾ ಹೊಸದಾಗಿ ಹುಟ್ಟಿತ್ತು. ಔಷಧದವರಲ್ಲಿ 14 ಮಂದಿಗೆ. ಗರ್ಭಕೋಶದ ಅರ್ಬುದವು ಔಷಧದವರಲ್ಲಿ ಒಬ್ಬಳಿಗೆ ಬಂದಿತ್ತು.