ಹತ್ತು ಗೋಲು, ಒಂದು ರಾಜೀನಾಮೆ

ಜರ್ಮನಿ ತಂಡದ ಪರ ಒಂದೇ ಪಂದ್ಯದಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಯಾರು? ಕ್ವಿಜ್‌ನಲ್ಲಿ ಕೇಳಿದರೆ ಹಲವರು ಗೆರ್ಡ್ ಮುಲ್ಲರ್ ಎಂದಾರು. ಉತ್ತರ ಗಾಟ್‌ಫ್ರೀಡ್ ಫುಕ್ಸ್. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ರಷ್ಯಾವನ್ನು 16–0ರಿಂದ ಸೋಲಿಸಿದಾಗ 10 ಗೋಲು ಅವರೊಬ್ಬರದೇ.

ಫುಕ್ಸ್ ಆಡುತ್ತಿದ್ದದ್ದು 1910ರ ಜರ್ಮನ್ ಚಾಂಪಿಯನ್ ಕಾರ್ಲ್ಸ್‌ರೂಹರ್ ಎಫ್‌ವಿ ಕ್ಲಬ್‌ಗೆ. ಮುಂಚೂಣಿಯಲ್ಲಿ ಅವರ ಜೊತೆಗಾರ ಜೂಲಿಯಸ್ ಹಿರ್ಶ್. ಇಬ್ಬರೂ ಯಹೂದಿಗಳು, ಇಬ್ಬರೂ ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡಿದವರು.

1933ರ ಏಪ್ರಿಲ್‌ನಲ್ಲಿ, ದಕ್ಷಿಣ ಜರ್ಮನಿಯ ಕ್ಲಬ್‌ಗಳು ಯಹೂದಿಗಳನ್ನು ಹೊರಹಾಕಲಿವೆ ಎಂಬ ಸುದ್ದಿಯನ್ನು ಹಿರ್ಶ್ ಪತ್ರಿಕೆಯಲ್ಲಿ ಓದಿದರು. 1902ರಿಂದ ಸದಸ್ಯರಾಗಿದ್ದ ಅವರು ತಾವೇ ರಾಜೀನಾಮೆ ಬರೆದರು. ಅನುವಾದಕಿಯಾಗಿ ನನ್ನ ಕಣ್ಣು ನಿಂತದ್ದು ಒಂದು ವಿಶೇಷಣದ ಮೇಲೆ: ಆ ಪತ್ರದಲ್ಲೂ ಅವರಿಗೆ ಅದು ‘ಪ್ರೀತಿಯ’ ಕ್ಲಬ್ಬೇ. 1943ರ ಮಾರ್ಚ್‌ನಲ್ಲಿ ಅವರನ್ನು ಆಶ್ವಿಟ್ಜ್‌ಗೆ ಸಾಗಿಸಲಾಯಿತು. ಮರಳಿ ಬರಲಿಲ್ಲ.

ಫುಕ್ಸ್ ಕೆನಡಾ ಸೇರಿ ಬದುಕುಳಿದರು. 1972ರಲ್ಲಿ ಮ್ಯೂನಿಕ್‌ನ ಒಲಿಂಪಿಕ್ ಸ್ಟೇಡಿಯಂನ ಮೊದಲ ಪಂದ್ಯಕ್ಕೆ ಅವರನ್ನು ಕರೆಸಿ ಎಂದು ಹಳೆಯ ಕೋಚ್ ಸೆಪ್ ಹೆರ್ಬರ್ಗರ್ ಫುಟ್‌ಬಾಲ್ ಸಂಸ್ಥೆಯನ್ನು ಕೇಳಿಕೊಂಡರು. ಎದುರಾಳಿ ಸೋವಿಯತ್ ತಂಡ. ಸಂಸ್ಥೆ ಒಪ್ಪಲಿಲ್ಲ. ಆ ನಿರಾಕರಣೆ ತಲುಪುವ ಮೊದಲೇ ಫುಕ್ಸ್ ತೀರಿಕೊಂಡಿದ್ದರು.

2005ರಿಂದ ಅದೇ ಸಂಸ್ಥೆ ಹಿರ್ಶ್ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. ಮುಂದಿನ ಸಲ ಕ್ವಿಜ್‌ನಲ್ಲಿ ಆ ಪ್ರಶ್ನೆ ಬಂದರೆ, ಉತ್ತರದ ಜೊತೆ ಹಿರ್ಶ್ ಹೆಸರನ್ನೂ ಹೇಳಿ.