ಅಂಗಳದ ಗಿಡ ಮತ್ತು ಕೊಡಲಿ

ನಮ್ಮ ಅಕ್ಕಲಕೋಟ ಸೀಮಿಯಾಗ ಬೇಸಿಗಿ ಬಿಸಿಲು ನಲವತ್ತು ಡಿಗ್ರಿ ದಾಟತದ. ಅದಕ್ಕ ಹಿರಿಯರು ಮನಿ ಮುಂದ ಒಂದು ಬೇವಿನ ಗಿಡ ಹಚ್ಚತಿದ್ದರು. ಈಗ ಮಾಳಗಿ ಹೋಗಿ ಸ್ಲ್ಯಾಬ್ ಬಂತು, ಕರೆಂಟಿನ ತಂತಿ ಬಂತು, ಗಿಡ ಬ್ಯಾಡಾತು. ಕೊಡಲಿಯವನ್ನ ಕರೀರಿ ಅಂತಾರ. ಆದರ ಗಿಡ ಕಡಿದ ಸಂಗತಿ ನಮ್ಮ ಜಿಲ್ಲಾದ ಚರಿತ್ರೆಯೊಳಗ ಒಮ್ಮೆ ಬಹಳ ದೊಡ್ಡದಾಗಿತ್ತು.

1930ರ ಮೇ 5ಕ್ಕೆ ಗಾಂಧೀಜಿಯವರನ್ನು ಸರ್ಕಾರ ಹಿಡಿಯಿತು. ಸೊಲ್ಲಾಪುರದ ಗಿರಣಿ ಕೆಲಸದವರು ಬೀದಿಗೆ ಇಳಿದರು. ಮೇ 8ಕ್ಕೆ ಜನ ಗುಂಪುಗೂಡಿ ರೂಪಾಭವಾನಿ ಕಡೆ ಸಿಂದಿ ಗಿಡ ಕಡಿಯಲಿಕ್ಕೆ ಹೋದರು. ಸಿಂದಿ ಮ್ಯಾಲೆ ಸರ್ಕಾರಕ್ಕ ಕರ ಬರತಿತ್ತು. ಗಿಡ ಬಿದ್ದರ ಬೊಕ್ಕಸಕ್ಕೂ ಪೆಟ್ಟು, ಕುಡಿತಕ್ಕೂ ಪೆಟ್ಟು. ಪೊಲೀಸರು ಗುಂಡು ಹಾರಿಸಿದರು, ಶಂಕರ ಶಿವದಾರೆ ಅನ್ನುವ ತರುಣ ಸತ್ತ. ಊರು ಹೊತ್ತಿ ಉರಿಯಿತು. ಮೇ 12ರಿಂದ ಲಷ್ಕರಿ ಕಾನೂನು ಬಂತು. ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ ಹುಸೇನ, ಈ ನಾಲ್ವರನ್ನು 1931ರ ಜನವರಿ 12ಕ್ಕೆ ಯರವಡಾ ಜೇಲಿನಾಗ ಗಲ್ಲಿಗೆ ಹಾಕಿದರು. ಸೊಲ್ಲಾಪುರಕ್ಕ ಹೋದಾಗ ನಾವು ‘ಚಾರ ಪುತಳಾ’ ಅಂತ ರಿಕ್ಷಾದವಗ ಹೇಳತೀವಲ್ಲ, ಅದು ಇವರ ಚೌಕ.

ಅವತ್ತು ಕೊಡಲಿ ಹಿಡಿದವರಿಗೆ ಯಾಕ ಕಡೀತೀವಿ ಅನ್ನೂದು ಗೊತ್ತಿತ್ತು. ಸಿಂದಿ ಗಿಡಕ್ಕ ಇರೂದು ಒಂದೇ ಸುಳಿ, ತಲಿ ಹೋದರ ಗಿಡ ಹೋತು. ಬೇವು ಹಂಗಲ್ಲ. ತಲಿ ಕಡಿದರೂ ಚಿಗಿತದ, ಅಲ್ಲೇ ನಾವು ಮೋಸ ಹೋಗತೀವಿ.

ನಾನೂ ಮೋಸ ಹೋದೆ. ನಮ್ಮ ಬೇವಿನ ಕಟ್ಟಿ ಮ್ಯಾಲೆ ಭಜನಿ ಪದ ಹಾಡಿಕೋತ ಬೆಳದವ ನಾನು. ಟೊಂಗಿ ಪತ್ರಾದ ಮ್ಯಾಲೆ ಬಾಗಿದಾಗ ಒಬ್ಬವನ್ನ ಕರೆದೆ. ಆತ ತಲಿಯನ್ನೇ ಹಾರಿಸಿದ. ಎರಡು ಮಳೆಗಾಲದಾಗ ಚಿಗುರು ಕಟ್ಟು ಕಟ್ಟಾಗಿ ಬಂತು, ನೋಡಿ ಸಂತೋಷಪಟ್ಟೆ. ಆದರ ಹಂತಾ ಚಿಗುರಿಗೆ ಬುಡದಾಗ ಬಿಗಿ ಇರೂದಿಲ್ಲ. ಒಂದು ಬಿರುಗಾಳಿಗೆ ಕಿತ್ತು ಬಂದು ಪತ್ರಾ ಒಡೀತು. ಕಡಿದ ಜಾಗದಾಗ ನೀರು ನಿಂತು ಬೊಡ್ಡಿ ಟೊಳ್ಳಾತು.

ಮೊದಲು ಈ ಕೆಲಸಕ್ಕ ಬ್ಯಾರೆ ಮಂದಿ ಇರಲಿಲ್ಲ. ಆಡಿನವರು ತಪ್ಪಲ ಕೊಯ್ಯತಿದ್ದರು, ನೇಗಿಲಿಗೆ ಬೇಕಾದ ಜಾಲಿ ಬಡಿಗ್ಯಾರು ನೋಡಿ ಕಡೀತಿದ್ದರು. ಈಗ ಸೊಲ್ಲಾಪುರದಾಗ ಹಗ್ಗ, ಕರಗಸ, ಮಶೀನು ತಂದು ಗಿಡ ಸವರಿ ಕೊಡುವವರು ಅದಾರ. ಅವರೊಳಗ ಒಬ್ಬ ಹಿರಿಯ ನನಗ ತಿಳಿಸಿದ. ದಪ್ಪ ಟೊಂಗಿಯಾದರ ಬೊಡ್ಡಿಯಿಂದ ಒಂದು ಮೊಳ ಆಚೆ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು. ಅದರ ತುಸು ಆಚೆ ಮ್ಯಾಲಿಂದ ಕೊಯ್ಯಬೇಕು. ಹಿಂಗ ಮಾಡಿದರ ಟೊಂಗಿ ಬೀಳುವಾಗ ತೊಗಟಿ ಸುಲಿಯೂದಿಲ್ಲ. ಉಳಿದ ಮೋಟು ಆಮ್ಯಾಲೆ. ಟೊಂಗಿ ಹುಟ್ಟುವಲ್ಲಿ ಕೊರಳಿನ ಹಾಂಗ ಒಂದು ಉಬ್ಬು ಇರತದ, ಅದನ್ನ ಬಿಟ್ಟು ಹೊರಗ ಕೊಯ್ಯಬೇಕು. ಗಾಯ ತುಂಬೂದು ಆ ಉಬ್ಬಿನಿಂದ. ಡಾಂಬರು ಬಳಿಯೂದೂ ಬ್ಯಾಡ ಅಂದ. ಬೇವಿಗೆ ಮಾಘ ಮಾಸ, ಹೊಸ ಎಲಿ ಬರೂಕಿಂತ ಮುಂಚೆ, ಒಳ್ಳೇದಂತ.

ಆಲಕ್ಕ ಲೆಕ್ಕ ಬ್ಯಾರೆ. ಬಿಳಲು ನೆಲಕ್ಕ ಇಳಿದು ಕಂಬ ಆಗತಾವ, ದೂರ ಚಾಚಿದ ಟೊಂಗಿ ಅವುಗಳ ಮ್ಯಾಲೆ ನಿಂತಿರತದ. ಅಂಗಳ ಸ್ವಚ್ಛ ಕಾಣಲಿ ಅಂತ ಬಿಳಲು ಕತ್ತರಿಸಿದರ ಟೊಂಗಿಗೆ ಆಸರ ತಪ್ಪತದ. ಅಕ್ಕಲಕೋಟದ ಸ್ವಾಮಿ ಸಮರ್ಥರು 1878ರಾಗ ಸಮಾಧಿಯಾದರು. ಅವರು ಕೂಡತಿದ್ದ ಆಲದ ಗಿಡದಿಂದಲೇ ವಟವೃಕ್ಷ ಮಂದಿರ ಅನ್ನೂ ಹೆಸರು ಬಂತು. ಗಿಡ ತೆಗೆದು ಗುಡಿ ಕಟ್ಟಲಿಲ್ಲ, ಗಿಡ ಇಟ್ಟುಕೊಂಡೇ ಕಟ್ಟಿದರು.

ಶಹರದವರು ಒಂದು ಮಾತು ನೆನಪಿಡಬೇಕು. ಮಹಾರಾಷ್ಟ್ರದಾಗ 1975ರ ಕಾನೂನಿದೆ. ನಗರದ ಹದ್ದಿನೊಳಗ ಸ್ವಂತ ಅಂಗಳದ ಗಿಡ ಇದ್ದರೂ ಕಡಿಯಲಿಕ್ಕೆ ಪರವಾನಗಿ ಬೇಕು. 1964ರ ಇನ್ನೊಂದು ಕಾನೂನಿನ ಪಟ್ಟಿಯೊಳಗ ಹುಣಸಿ, ಮಾವು, ಸಾಗವಾನಿ ಅದಾವ. ಹೊಲದ ಹುಣಸಿ ನನ್ನದೇ ಅಂತ ಸುಮ್ಮನ ಕೊಡಲಿ ಎತ್ತಬಾರದು.

ನಮ್ಮ ಬೇವು ಪೂರಾ ತೆಗೀಬೇಕು ಅಂತ ಮಗ ಹಟ ಹಿಡಿದಿದ್ದ. ಹಿರಿಯ ಬಂದು ಬೊಡ್ಡಿ ಬಡಿದು ನೋಡಿದ, ಮನಿ ಕಡೆಯ ಎರಡು ಟೊಂಗಿ ಹಗ್ಗ ಕಟ್ಟಿ ಇಳಿಸಿದ, ಉಳಿದದ್ದು ಇನ್ನೂ ತಡೀತದ ಅಂದ. ಮಗ ಒಪ್ಪಿಕೊಂಡ. ಇಳಿಸಿದ ಟೊಂಗಿಯೊಳಗ ಒಂದು ಕುಡಗೋಲಿಗೆ ಹಿಡಿಕಿ ಆತು, ಮೊಮ್ಮಗಳ ಜೋಕಾಲಿಗೆ ಮಣಿ ಆತು.